ಊರ್ ಅನ್ನೋ ಊರು: ಪಿರೆನೀಸ್ ಗಡಿಯ ಮೂವತ್ತಮೂರು ಹಳ್ಳಿಗಳ ಕಥೆ

(ನಮ್ಮ ಓದುಗರ ಬಳಗದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳ ಬರಹ ರೂಪ ಇದು. ಮಾತಾಡುವಾಗ ದಾರಿ ತಪ್ಪಿದ ಕಡೆ ಸ್ವಲ್ಪ ಸರಿಮಾಡಿದ್ದೇನೆ. ಎಲ್ಲಾ ಕಡೆ ಅಲ್ಲ.)

ಎಲ್ಲರಿಗೂ ನಮಸ್ಕಾರ.

ಕೆಲಸದ ಮೇಲೆ ನಾನು ಕೆಲವು ವರ್ಷ ಫ್ರಾನ್ಸ್‌ನ ತುಲೂಸ್‌ನಲ್ಲಿದ್ದೆ. ಅಲ್ಲಿಂದ ದಕ್ಷಿಣಕ್ಕೆ, ಪಿರೆನೀಸ್ ಬೆಟ್ಟಗಳ ಒಳಗೆ ಒಂದು ರೈಲು ಹೋಗುತ್ತದೆ. ಸುಮಾರು ಮೂರು ಗಂಟೆ ದಾರಿ. ಕೊನೆಯ ನಿಲ್ದಾಣ ಲಾತೂರ್-ದ-ಕರೋಲ್. ಅಲ್ಲಿ ಇಳಿದು ಇನ್ನೊಂದು ರೈಲು ಹತ್ತಬೇಕು. ಅದು ಹಳದಿ ಬಣ್ಣದ್ದು, ಪುಟ್ಟದು. ಜನ ಅದನ್ನು 'ಹಳದಿ ರೈಲು' ಅಂತಲೇ ಕರೆಯುತ್ತಾರೆ. ಮೊದಲ ಸಲ ಹತ್ತಿದಾಗ ಕಿಟಕಿ ಪಕ್ಕ ಕೂತಿದ್ದೆ. ಎರಡು ನಿಲ್ದಾಣ ಆಗುವಷ್ಟರಲ್ಲಿ ಒಂದು ಬೋರ್ಡ್ ಸರಿದು ಹೋಯಿತು. ಬೋರ್ಡಿನಲ್ಲಿ ಉದ್ದದ ಹೆಸರೇ ಇತ್ತು. ಆದರೆ ನನ್ನ ಕಣ್ಣಿಗೆ ಬಿದ್ದದ್ದು ಮೊದಲ ಎರಡು ಅಕ್ಷರ ಮಾತ್ರ. ಯು, ಆರ್. ಊರ್!

ಊರಿಗೆ ಊರು ಅಂತಲೇ ಹೆಸರಿಟ್ಟಿದ್ದಾರಲ್ಲಾ ಅಂತ ಒಬ್ಬನೇ ನಕ್ಕೆ. ಎದುರಿಗೆ ಕೂತಿದ್ದ ಅಜ್ಜಿ ನನ್ನನ್ನೇ ನೋಡಿದರು. ಅವರಿಗೆ ಹೇಗೆ ಹೇಳುವುದು?

ನಮ್ಮ ಊರಿಗೂ ಆ ಊರ್‌ಗೂ ಯಾವ ನಂಟೂ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಾಳೆ ವಾಟ್ಸಾಪ್‌ನಲ್ಲಿ 'ಫ್ರಾನ್ಸ್‌ನಲ್ಲಿ ಕನ್ನಡ ಹೆಸರಿನ ಹಳ್ಳಿ' ಅಂತ ಓಡಾಡಲು ಶುರುವಾಗುತ್ತದೆ. ಆ ಭಾಗದ ಎಷ್ಟೋ ಊರುಗಳ ಹೆಸರು ರೋಮನ್ನರಿಗಿಂತಲೂ ಹಳೆಯವು. ಬಾಸ್ಕ್ ಭಾಷೆಯಲ್ಲಿ 'ಉರ್' ಅಂದರೆ ನೀರು. ಆದರೂ ಆ ಬೋರ್ಡು ತಲೆಯಲ್ಲಿ ಕೂತುಬಿಟ್ಟಿತು. ಹಳ್ಳಿ ಅಂದರೇನು, ಊರು ಅಂದರೇನು, ಪಟ್ಟಣ ಅಂದರೇನು? ಇದೇನು ದೊಡ್ಡ ಪ್ರಶ್ನೆ ಅಂತ ನಿಮಗೆ ಅನಿಸಬಹುದು. ಆದರೆ ಆ ಬೆಟ್ಟದ ಮೇಲೆ ಈ ಪ್ರಶ್ನೆಯಿಂದಲೇ ಎರಡು ದೇಶಗಳ ಗಡಿ ಹುಟ್ಟಿದೆ. ಇವತ್ತು ಅದನ್ನೇ ಹೇಳಬೇಕು ಅಂತ ಬಂದೆ.

ಜಾಗದ ಹೆಸರು ಸೆರ್ದಾನ್ಯ. ದೊಡ್ಡ ಪರಾತದ ಥರ ಇದೆ. ತಳ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿದೆ. ಅಂಚಿನಲ್ಲಿ ಬೆಟ್ಟಗಳು. ಉತ್ತರಕ್ಕೆ ಕಾರ್ಲಿತ್, ದಕ್ಷಿಣಕ್ಕೆ ಪುಚ್‌ಮಾಲ್, ಎರಡೂ 2,900 ಮೀಟರ್ ದಾಟುತ್ತವೆ. ನಡುವೆ ಹುಲ್ಲುಗಾವಲು, ಹೊಲ, ದನ, ಕಲ್ಲಿನ ಮನೆಗಳು. ಆಡುಭಾಷೆ ಕತಲಾನ್. ಈ ಪರಾತದ ಒಂದರ್ಧ ಫ್ರಾನ್ಸ್‌ನಲ್ಲಿದೆ, ಇನ್ನರ್ಧ ಸ್ಪೇನ್‌ನಲ್ಲಿದೆ. ನಡುವೆ ಬೆಟ್ಟ ಇಲ್ಲ. ಹೇಳಿಕೊಳ್ಳುವಂಥ ದೊಡ್ಡ ನದಿಯೂ ಇಲ್ಲ. ಸಮತಟ್ಟು ಹುಲ್ಲಿನ ಮಧ್ಯದಲ್ಲಿ ಗಡಿ ಹೋಗುತ್ತದೆ.

ಶಾಲೆಯಲ್ಲಿ ನಮಗೆ ಏನು ಹೇಳಿಕೊಟ್ಟಿದ್ದರು? ಫ್ರಾನ್ಸ್ ಮತ್ತು ಸ್ಪೇನ್ ನಡುವೆ ಪಿರೆನೀಸ್ ಪರ್ವತ ಗೋಡೆಯ ಹಾಗೆ ನಿಂತಿದೆ ಅಂತ ಅಲ್ವಾ? ಬಹುಪಾಲು ನಿಜ. ಸೆರ್ದಾನ್ಯದಲ್ಲಿ ಮಾತ್ರ ಸುಳ್ಳು. ಸೆಗ್ರೆ ಅಂತ ಒಂದು ನದಿ ಇದೆ. ಅದು ಹುಟ್ಟುವುದು ಈಗಿನ ಫ್ರಾನ್ಸ್‌ನಲ್ಲಿ. ಹರಿಯುವುದು ಸ್ಪೇನ್ ಕಡೆಗೆ, ಕೊನೆಗೆ ಎಬ್ರೊ ನದಿಯನ್ನು ಸೇರುತ್ತದೆ. ಮಳೆ ನೀರಿನ ಲೆಕ್ಕ ಹಿಡಿದರೆ ಇಡೀ ಪರಾತ ಸ್ಪೇನ್‌ಗೆ ಸೇರಬೇಕು. ಆದರೆ ಗಡಿ ಬರೆದವರು ಮಳೆ ನೀರನ್ನು ಕೇಳಲಿಲ್ಲ.

ಬರೆದವರು ಯಾರು? 1659ರ ಕಡೆ ಹೋಗೋಣ. ಫ್ರಾನ್ಸ್ ಮತ್ತು ಸ್ಪೇನ್ ನಡುವೆ 1635ರಿಂದ ಯುದ್ಧ ನಡೆದಿತ್ತು. ಇಬ್ಬರಿಗೂ ಸಾಕಾಗಿತ್ತು. ಪಿರೆನೀಸ್‌ನ ಇನ್ನೊಂದು ತುದಿಯಲ್ಲಿ, ಅಟ್ಲಾಂಟಿಕ್ ಹತ್ತಿರ, ಬಿದಸೋವ ನದಿಯ ನಡುವೆ ಒಂದು ಸಣ್ಣ ದ್ವೀಪವಿದೆ. ಫ್ರಾನ್ಸ್ ಕಡೆಯಿಂದ ಕಾರ್ಡಿನಲ್ ಮಜಾರೇನ್, ಸ್ಪೇನ್ ಕಡೆಯಿಂದ ಲೂಯಿಸ್ ದೆ ಆರೊ ಆ ದ್ವೀಪದಲ್ಲಿ ತಿಂಗಳುಗಟ್ಟಲೆ ಕೂತು ಮಾತಾಡಿದರು. ನವೆಂಬರ್ 7ರಂದು ಸಹಿ ಆಯಿತು. ಪಿರೆನೀಸ್ ಒಪ್ಪಂದ ಅಂತ ಅದರ ಹೆಸರು. (ಆ ದ್ವೀಪ ಈಗಲೂ ಎರಡೂ ದೇಶದ್ದು. ಆರು ತಿಂಗಳು ಇವರದ್ದು, ಆರು ತಿಂಗಳು ಅವರದ್ದು. ಅದೇ ಬೇರೆ ಕಥೆ.)

ಒಪ್ಪಂದದ 42ನೇ ಕಲಮಿನಲ್ಲಿ ಒಂದು ಮಾತಿದೆ. ಹಿಂದಿನ ಕಾಲದಲ್ಲಿ ಯಾವ ಪಿರೆನೀಸ್ ಬೆಟ್ಟಗಳು ಗಾಲ್ ದೇಶವನ್ನೂ (ಫ್ರಾನ್ಸ್‌ನ ಹಳೇ ಹೆಸರು) ಸ್ಪೇನನ್ನೂ ಬೇರೆ ಮಾಡುತ್ತಿದ್ದವೋ, ಇನ್ನು ಮುಂದೆ ಅವೇ ಎರಡು ರಾಜ್ಯಗಳ ಎಲ್ಲೆ ಅಂತ. ಕೇಳಲು ಚೆನ್ನಾಗಿದೆ. ಆದರೆ ಯಾವ ಬೆಟ್ಟ? ಯಾವ ಹಿಂದಿನ ಕಾಲ? ಇದನ್ನು ಇತ್ಯರ್ಥ ಮಾಡಲು 1660ರಲ್ಲಿ ಎರಡೂ ಕಡೆಯ ಪಂಡಿತರು ಸೆರೆ ಅನ್ನುವ ಊರಿನಲ್ಲಿ ಸೇರಿದರು. ಫ್ರಾನ್ಸ್ ಪರವಾಗಿ ಬಂದವರಲ್ಲಿ ಪಿಯೆರ್ ದ ಮಾರ್ಕಾ ಅಂತ ಒಬ್ಬ ಆರ್ಚ್‌ಬಿಷಪ್ ಇದ್ದರು. ದೊಡ್ಡ ವಿದ್ವಾಂಸರು. ರೋಮನ್ ಕಾಲದ ಭೂಗೋಳದ ಪುಸ್ತಕಗಳನ್ನು ಮುಂದಿಟ್ಟುಕೊಂಡು ವಾದ ನಡೆಯಿತು. ಸಾವಿರಾರು ವರ್ಷ ಹಿಂದಿನವರು ಏನು ಬರೆದಿದ್ದಾರೆ ಅಂತ ನೋಡಿ, ಈ ಹುಲ್ಲುಗಾವಲು ಯಾರದ್ದು ಅಂತ ತೀರ್ಮಾನ ಮಾಡಲು ಹೊರಟಿದ್ದರು. ಅಲ್ಲೇ ಹೊಲ ಉಳುತ್ತಿದ್ದವರನ್ನು ಕರೆಸಿ ಕೇಳಿದ್ದರೆ ಬೇಗ ಮುಗಿಯುತ್ತಿತ್ತೋ ಏನೋ. ಕೇಳಿದ್ದರೆ ಅವರು, ಇಲ್ಲಿ ಎಲ್ಲೆಯೇ ಇಲ್ಲ ಸ್ವಾಮಿ ಅಂದುಬಿಡುತ್ತಿದ್ದರು.

ಪುಸ್ತಕಗಳಿಂದ ಏನೂ ಬಗೆಹರಿಯಲಿಲ್ಲ. ಕೊನೆಗೆ ವ್ಯಾಪಾರದ ಥರ ಮುಗಿಯಿತು. ಫ್ರಾನ್ಸ್‌ಗೆ ಕಾನ್‌ಫ್ಲಾಂ ಕಣಿವೆಯಿಂದ ಕರೋಲ್ ಕಣಿವೆಗೆ ತನ್ನದೇ ನೆಲದ ಮೇಲೆ ಹೋಗುವ ದಾರಿ ಬೇಕಿತ್ತು. ಆ ದಾರಿಗೆ ಬೇಕಾಗುವಷ್ಟು, ಅಂದರೆ 33 ಹಳ್ಳಿಗಳನ್ನು ಕೊಡಲು ಸ್ಪೇನ್ ಒಪ್ಪಿತು. ಯಾವ 33 ಅಂತ ಹೆಸರು ಹಿಡಿದು ಪಟ್ಟಿ ಮಾಡಲು 1660ರ ನವೆಂಬರ್‌ನಲ್ಲಿ ಲ್ಯೀವಿಯಾ ಅನ್ನುವ ಊರಿನಲ್ಲಿ ಕೂತರು.

ಆ ಪಟ್ಟಿಯಲ್ಲಿ ಊರ್ ಇದೆ. ದೋರ್, ಎಗಾ, ಓಸೇಜಾ, ಸಾಯಗೂಸ್, ಯೋ, ಎನ್, ಎರ್, ಎಲ್ಲಾ ಇವೆ. ಇಲ್ಲದ್ದು ಒಂದೇ ಹೆಸರು, ಲ್ಯೀವಿಯಾ. ಅಂದರೆ ಪಟ್ಟಿ ಬರೆಯುತ್ತಿದ್ದ ಊರೇ ಇಲ್ಲ!

ಕಾರಣ ಇಷ್ಟು. ಒಪ್ಪಂದದಲ್ಲಿ ಇದ್ದದ್ದು 'ಹಳ್ಳಿಗಳು' ಅನ್ನುವ ಪದ. ಲ್ಯೀವಿಯಾ ಹಳ್ಳಿ ಅಲ್ಲ, 'ವಿಲಾ', ಅಂದರೆ ರಾಜ ಮನ್ನಣೆ ಕೊಟ್ಟ ಪಟ್ಟಣ, ಅಂತ ಸ್ಪೇನ್ ಕಡೆಯವರು ವಾದಿಸಿದರು. ರೋಮನ್ನರ ಕಾಲದಲ್ಲಿ ಅದು ಯೂಲಿಯಾ ಲಿಬಿಕಾ ಅನ್ನುವ ಊರಾಗಿತ್ತು. ಹಳೆಯ ದೊಡ್ಡಸ್ತಿಕೆ ಬೇಕಾದಷ್ಟಿತ್ತು. ಈ ವಾದವನ್ನು ಊರಿನ ಮುದುಕರೇ ಎದ್ದು ನಿಂತು ಮಾಡಿದರು ಅನ್ನುವ ಹಾಗೆ ಕೆಲವರು ಬಣ್ಣ ಹಚ್ಚಿ ಹೇಳುತ್ತಾರೆ. ಮಾಡಿದ್ದು ಅಧಿಕಾರಿಗಳು. ಕಥೆ ಮಾತ್ರ ಊರಿನವರ ಪಾಲಿಗೆ ಬಂದಿದೆ, ಅವರೂ ಬಿಟ್ಟುಕೊಡುವುದಿಲ್ಲ. ಫ್ರಾನ್ಸ್ ಒಪ್ಪಿಕೊಂಡಿತು, ಆದರೆ ಒಂದು ಷರತ್ತು ಹಾಕಿತು. ಅಲ್ಲಿ ಕೋಟೆ ಕಟ್ಟಕೂಡದು.

ಹೀಗೆ ಸುತ್ತಲೂ ಫ್ರಾನ್ಸ್, ನಡುವೆ ಸ್ಪೇನ್‌ನ ಒಂದು ಪಟ್ಟಣ. ಸುಮಾರು 13 ಚದರ ಕಿಲೋಮೀಟರ್ ಇರಬಹುದು. ಇವತ್ತಿಗೂ ಹಾಗೇ ಇದೆ.

ನಾನು ಅಲ್ಲಿಗೆ ನಡೆದೇ ಹೋಗಿದ್ದೇನೆ. ಸ್ಪೇನ್‌ನ ಪುಚ್‌ಸರ್ದಾ ಪಟ್ಟಣದಿಂದ ಹೊರಟರೆ ಮಧ್ಯದಲ್ಲಿ ಫ್ರಾನ್ಸ್‌ನ ಹೊಲಗಳನ್ನು ದಾಟಬೇಕು. ದಾರಿಯಲ್ಲಿ ನೋಡುವಂಥದ್ದು ಏನೂ ಇಲ್ಲ, ನಿಜ ಹೇಳುತ್ತೇನೆ. ಹುಲ್ಲು, ಬೇಲಿ, ಒಂದೆರಡು ಕುದುರೆ. ಮೊಬೈಲ್ ಮಾತ್ರ ಒದ್ದಾಡುತ್ತಿತ್ತು. ಸ್ಪೇನ್‌ಗೆ ಸ್ವಾಗತ ಅಂತ ಒಂದು ಮೆಸೇಜ್. ಹತ್ತು ನಿಮಿಷ ಆದಮೇಲೆ ಇನ್ನೊಂದು ಕಂಪನಿಯ ಸಿಗ್ನಲ್. ಮತ್ತೆ ಸ್ಪೇನ್‌ಗೆ ಸ್ವಾಗತ. ಒಂದು ದನ ಬೇಲಿಯ ಮೇಲಿಂದ ತಲೆ ಹಾಕಿ ನನ್ನನ್ನೇ ನೋಡುತ್ತಿತ್ತು. ಅದರ ಕಿವಿಯಲ್ಲಿ ಹಳದಿ ಬಿಲ್ಲೆ ಇತ್ತು. ಅದು ಯಾವ ದೇಶದ್ದು ಅಂತ ಬಿಲ್ಲೆ ಓದಿದರೆ ಗೊತ್ತಾಗುತ್ತಿತ್ತು. ದನಕ್ಕೆ ಗೊತ್ತಿರಲಿಲ್ಲ.

ಆ ರಸ್ತೆಗೂ ಒಂದು ಕಥೆ ಇದೆ. ಅದು ಒಪ್ಪಂದದ ಪ್ರಕಾರ ಯಾರೂ ತಡೆಯಬಾರದ ರಸ್ತೆ. ನಮ್ಮಲ್ಲಿ ಪಕ್ಕದವನ ಜಮೀನಿನ ಮೇಲೆ ನಮ್ಮ ಹೊಲಕ್ಕೆ ಹೋಗುವ ದಾರಿಯ ಹಕ್ಕು ಇರುತ್ತದಲ್ಲ, ಹಾಗೆ. 1970ರ ದಶಕದಲ್ಲಿ ಈ ರಸ್ತೆ ಫ್ರಾನ್ಸ್‌ನ ಹೆದ್ದಾರಿಯನ್ನು ದಾಟುವ ಕಡೆ ಫ್ರಾನ್ಸ್‌ನವರು 'ಸ್ಟಾಪ್' ಬೋರ್ಡ್ ನೆಟ್ಟರು. ಟ್ರಾಫಿಕ್ ಜಾಸ್ತಿ ಆಗಿತ್ತು, ಅವರ ಕಷ್ಟವೂ ನಿಜವೇ. ಆದರೆ ಲ್ಯೀವಿಯಾದವರಿಗೆ ಸಿಟ್ಟು ಬಂತು. ತಡೆಯಿಲ್ಲದೆ ಹೋಗಬಹುದು ಅಂತ ಒಪ್ಪಂದ ಇರುವಾಗ, ನಿಲ್ಲು ಅನ್ನೋಕೆ ಇವರು ಯಾರು? ಬೋರ್ಡ್ ಕಿತ್ತರು. ಮತ್ತೆ ನೆಟ್ಟರು. ಮತ್ತೆ ಕಿತ್ತರು. ಇದಕ್ಕೆ 'ಸ್ಟಾಪ್ ಯುದ್ಧ' ಅಂತಲೇ ಹೆಸರು ಬಿತ್ತು. ಕೊನೆಗೆ ಹೆದ್ದಾರಿಯ ಮೇಲೆ ಒಂದು ಸೇತುವೆ ಕಟ್ಟಿ ಸಮಾಧಾನ ಮಾಡಿದರು. ನಾನು ಆ ಸೇತುವೆಯ ಮೇಲೆ ಸುಮ್ನೆ ಐದು ನಿಮಿಷ ನಿಂತಿದ್ದೆ. ಯಾರೂ ನಿಲ್ಲು ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ.

ಈಗ ಒಂದು ಮುಖ್ಯ ವಿಷಯ. 1660ರಲ್ಲಿ ಅವರು ಹಂಚಿಕೊಂಡದ್ದು ಹಳ್ಳಿಗಳನ್ನು, ನೆಲವನ್ನಲ್ಲ. ಪಟ್ಟಿಯಲ್ಲಿ ಹೆಸರುಗಳಿದ್ದವು. ಯಾವ ಹಳ್ಳಿಯ ಗೋಮಾಳ ಎಲ್ಲಿಗೆ ಮುಗಿಯುತ್ತದೆ, ಯಾವ ತೋಪು ಯಾರದ್ದು, ಅದರ ಚೆಕ್ಕುಬಂದಿ ಯಾರೂ ಬರೆಯಲಿಲ್ಲ. ಬೆಟ್ಟದ ಊರಿನಲ್ಲಿ ಹಳ್ಳಿ ಅಂದರೆ ಮನೆಗಳಷ್ಟೇ ಅಲ್ಲ. ಬೇಸಿಗೆಯಲ್ಲಿ ದನ ಕುರಿ ಹತ್ತಿಸುವ ಎತ್ತರದ ಹುಲ್ಲು, ಸೌದೆ ತರುವ ಕಾಡು, ಕಾಲುವೆಯಲ್ಲಿ ಇಷ್ಟು ದಿನ ನೀರಿನ ಪಾಳಿ, ಇವೆಲ್ಲ ಸೇರಿದರೆ ಹಳ್ಳಿ. ಈ ಹಕ್ಕುಗಳು ಒಂದರೊಳಗೊಂದು ಹೆಣೆದುಕೊಂಡಿದ್ದವು. ಫ್ರಾನ್ಸ್ ಹಳ್ಳಿಯ ದನ ಸ್ಪೇನ್ ಹಳ್ಳಿಯ ಜೊತೆ ಒಂದೇ ಹುಲ್ಲು ಮೇಯುತ್ತಿತ್ತು. ಜಗಳ ಇರಲಿಲ್ಲ ಅಂತಲ್ಲ. ಬೇಕಾದಷ್ಟು ಇತ್ತು. ಆದರೆ ಅದು ಪಕ್ಕದ ಊರಿನ ಜೊತೆಗಿನ ಹಳೇ ಜಗಳ. ಗಡಿ ಬಂದಮೇಲೆ ಅದೇ ಜಗಳಕ್ಕೆ ಹೊಸ ಬಲ ಸಿಕ್ಕಿತು. ನಮ್ಮ ಹುಲ್ಲು ಮೇಯಿಸಿದರು ಅಂತ ದೂರು ಕೊಟ್ಟರೆ ಅಷ್ಟಾಗಿ ಯಾರೂ ಕೇಳುವುದಿಲ್ಲ. ಸ್ಪೇನ್‌ನವರು ಫ್ರಾನ್ಸ್ ನೆಲಕ್ಕೆ ನುಗ್ಗಿದರು ಅಂತ ಅರ್ಜಿ ಬರೆದರೆ ಪ್ಯಾರಿಸ್‌ವರೆಗೂ ಕೇಳಿಸುತ್ತದೆ! ಹಳ್ಳಿಯವರು ಇದನ್ನು ಬಹಳ ಬೇಗ ಕಲಿತರು. ದೇಶ ಮೇಲಿಂದ ಇಳಿದು ಬಂತು ಅಂತ ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಹಳ್ಳಿಯವರೇ ತಮ್ಮ ಗೋಮಾಳದ ಜಗಳಕ್ಕೆ ಅದನ್ನು ಕರೆಸಿಕೊಂಡಿದ್ದಾರೆ.

ನೆಲದ ಮೇಲೆ ಗೆರೆ ಬಿದ್ದದ್ದು 200 ವರ್ಷ ಆದಮೇಲೆ. 1866ರಲ್ಲಿ ಬಯೋನ್‌ನಲ್ಲಿ ಈ ಭಾಗದ ಒಪ್ಪಂದ ಆಯಿತು, 1868ರಲ್ಲಿ ಎಲ್ಲಾ ಮುಗಿಯಿತು. ಕಲ್ಲು ನೆಟ್ಟರು. ಅಟ್ಲಾಂಟಿಕ್‌ನಿಂದ ಮೆಡಿಟರೇನಿಯನ್‌ವರೆಗೆ 602 ನಂಬರಿನ ಕಲ್ಲುಗಳು. ಗಡಿಗೆ ಅಲ್ಲಿನ ಕತಲಾನ್ ಮಾತಿನಲ್ಲಿ 'ಲಾ ರಾಲ್ಯಾ' ಅನ್ನುತ್ತಾರೆ. ಗೆರೆ ಅಂತ ಅರ್ಥ, ಅಷ್ಟೇ.

ಆದರೆ ಕಲ್ಲು ನೆಟ್ಟವರು ಹಳೇ ಹಕ್ಕುಗಳನ್ನು ಕೀಳಲಿಲ್ಲ. ಪುಚ್‌ಸರ್ದಾದಲ್ಲಿ ಒಂದು ಕೆರೆ ಇದೆ, ಅದಕ್ಕೆ 13ನೇ ಶತಮಾನದ ಕಾಲುವೆಯ ನೀರು. ಕಾಲುವೆ ಶುರುವಾಗುವುದು ಕರೋಲ್ ನದಿಯಲ್ಲಿ. ಆ ಜಾಗ ಈಗ ಫ್ರಾನ್ಸ್‌ನಲ್ಲಿದೆ. ಫ್ರಾನ್ಸ್ ಹಳ್ಳಿಗಳ ಹೊಲದಂಚಿನಲ್ಲೇ ಹರಿದು ಸ್ಪೇನ್ ಪಟ್ಟಣವನ್ನು ಸೇರುತ್ತದೆ. ಆ ನೀರಿನ ಹಕ್ಕನ್ನು ಒಪ್ಪಂದದಲ್ಲೇ ಉಳಿಸಿದರು. ಕಾಲುವೆ ಮೊದಲು, ದೇಶ ಆಮೇಲೆ. ನಮ್ಮಲ್ಲಿ ನೀರಿನ ಜಗಳ ನೋಡಿ ಬೆಳೆದ ನನಗೆ ಆ ಕೆರೆಯ ದಂಡೆಯಲ್ಲಿ ಕೂತು ಬಾತುಕೋಳಿ ನೋಡುವಾಗ ಸ್ವಲ್ಪ ಹೊಟ್ಟೆಕಿಚ್ಚು ಆಗಿದ್ದು ನಿಜ.

ಇನ್ನು ಆಡಳಿತದ ವಿಷಯ. ಇಲ್ಲಿ ನಿದ್ದೆ ಬರಬಹುದು, ಬೇಗ ಹೇಳುತ್ತೇನೆ.

ಫ್ರೆಂಚ್ ಕ್ರಾಂತಿ ಆದದ್ದು 1789ರಲ್ಲಿ. ಅದೇ ವರ್ಷದ ಡಿಸೆಂಬರ್‌ನಲ್ಲಿ ಒಂದು ಕಾನೂನು ತಂದು, ಪ್ರತಿ ಊರಿಗೂ ಚುನಾಯಿತ ಆಡಳಿತ ಕೊಟ್ಟರು. ಅದಕ್ಕೆ 'ಕಮ್ಯೂನ್' ಅಂತ ಹೆಸರು. ಮರುವರ್ಷ ದೇಶವನ್ನು 83 'ದೆಪಾರ್ತ್‌ಮಾಂ'ಗಳಾಗಿ ಕತ್ತರಿಸಿದರು. ನಮ್ಮ ಜಿಲ್ಲೆ ಅಂದುಕೊಳ್ಳಿ. ಸೆರ್ದಾನ್ಯದ ಹಳ್ಳಿಗಳು ಸೇರಿದ್ದು ಪೂರ್ವ ಪಿರೆನೀಸ್ ಅನ್ನುವ ಜಿಲ್ಲೆಗೆ. ಜಿಲ್ಲಾ ಕೇಂದ್ರ ಪರ್ಪಿನ್ಯಾಂ. ಅಲ್ಲಿ ಕೂರುವ 'ಪ್ರೆಫೆ' ಅಂದರೆ ನಮ್ಮ ಡಿಸಿ ಥರ, ಸರ್ಕಾರ ಕಳಿಸಿದವರು. ಕೆಳಗೆ ಉಪವಿಭಾಗ, ಅದಕ್ಕೊಬ್ಬ ಉಪ-ಪ್ರೆಫೆ, ನಮ್ಮ ಎಸಿ ಇದ್ದಹಾಗೆ. ಸೆರ್ದಾನ್ಯಕ್ಕೆ ಉಪವಿಭಾಗದ ಕಚೇರಿ ಪ್ರಾದ್ ಪಟ್ಟಣದಲ್ಲಿದೆ. ಅದರ ಕೆಳಗೆ 'ಕಾಂತೋಂ'. ಹೋಬಳಿ ಅನ್ನಬಹುದು, ಆದರೆ ಹೋಬಳಿಯ ನಾಡಕಚೇರಿ ಥರ ಕೆಲಸ ಅಲ್ಲಿ ಇಲ್ಲ. ಈಗ ಅದು ಮತಕ್ಷೇತ್ರ ಮಾತ್ರ. ಕೊನೆಯಲ್ಲಿ ಕಮ್ಯೂನ್.

ನನಗೆ ಕುತೂಹಲ ಇರುವುದು ಈ ಕೊನೆಯದರ ಬಗ್ಗೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗಳು ಸುಮಾರು 6,000. ಫ್ರಾನ್ಸ್‌ನಲ್ಲಿ ನಮಗಿಂತ ಭಾರೀ ಜಾಸ್ತಿ ಜನ ಏನಿಲ್ಲ. ಆದರೆ ಕಮ್ಯೂನ್‌ಗಳು ಸುಮಾರು 35,000! ಅರ್ಧಕ್ಕಿಂತ ಜಾಸ್ತಿ ಕಮ್ಯೂನ್‌ಗಳಲ್ಲಿ ಐನೂರು ಜನರೂ ಇಲ್ಲ. ಸೆರ್ದಾನ್ಯದ ತುದಿಯಲ್ಲಿ ವಾಲ್ಸೆಬೊಯೇರ್ ಅಂತ ಒಂದು ಹಳ್ಳಿ ಇದೆ. ರಸ್ತೆ ಅಲ್ಲಿಗೆ ಹೋಗಿ ನಿಲ್ಲುತ್ತದೆ. ನೂರು ಜನರೂ ಇಲ್ಲ. ಅದಕ್ಕೂ ಒಬ್ಬರು ಮೇಯರ್. ಪ್ಯಾರಿಸ್‌ಗೂ ಒಬ್ಬರು ಮೇಯರ್. ಇಬ್ಬರಿಗೂ ಎದೆಯ ಮೇಲೆ ಅಡ್ಡ ಹಾಕಿಕೊಳ್ಳಲು ಅದೇ ಮೂರು ಬಣ್ಣದ ಪಟ್ಟಿ. ಮದುವೆ ಮಾಡಿಸುವುದು, ಜನನ ಮರಣ ಬರೆಸಿಕೊಳ್ಳುವುದು ಇಬ್ಬರ ಕೆಲಸವೂ ಹೌದು.

ಇಂಥ ಹಳ್ಳಿಯ ಮೇಯರ್ ಕಚೇರಿಗೆ 'ಮೇರಿ' ಅನ್ನುತ್ತಾರೆ. ನಾನು ನೋಡಿದ ಒಂದು ಮೇರಿ ನಮ್ಮ ಹಳೇ ಪೋಸ್ಟ್ ಆಫೀಸ್ ಥರ ಇತ್ತು. ಬಾಗಿಲ ಮೇಲೆ ಸ್ವಾತಂತ್ರ್ಯ, ಸಮಾನತೆ, ಸಹೋದರತೆ ಅಂತ ಫ್ರೆಂಚ್‌ನಲ್ಲಿ ಕೆತ್ತಿದ್ದರು. ಅದರ ಕೆಳಗೆ, ವಾರದಲ್ಲಿ ಎರಡು ಬೆಳಿಗ್ಗೆ ಮಾತ್ರ ತೆರೆದಿರುತ್ತದೆ ಅಂತ ಕಾಗದ ಅಂಟಿಸಿದ್ದರು. ಗಾಜಿನ ಪೆಟ್ಟಿಗೆಯೊಳಗೆ ನೋಟಿಸುಗಳು. ಬೇಟೆಯ ದಿನಗಳು, ಹಿಮ ತೆಗೆಯುವ ಗಾಡಿಯ ಖರ್ಚು, ಕಳೆದುಹೋದ ಒಂದು ಬೆಕ್ಕು. ಬೆಕ್ಕಿನ ಫೋಟೋ ಕಲರ್ ಪ್ರಿಂಟ್ ಆಗಿತ್ತು. ಬಜೆಟ್ ಕಪ್ಪು ಬಿಳುಪು.

ಚುನಾವಣೆಯೂ ಮಜಾ ಇತ್ತು. ಸಾವಿರಕ್ಕಿಂತ ಕಡಿಮೆ ಜನ ಇರುವ ಕಮ್ಯೂನ್‌ಗಳಲ್ಲಿ ಮತಚೀಟಿಯ ಮೇಲೆ ಬೇಡವಾದ ಹೆಸರಿಗೆ ಪೆನ್ನಿನಲ್ಲಿ ಗೀಟು ಹಾಕಬಹುದಿತ್ತು. ಅಂದರೆ ಪಕ್ಕದ ಮನೆಯವನ ಮೇಲಿನ ಸಿಟ್ಟನ್ನು ಕಾನೂನುಬದ್ಧವಾಗಿ ತೀರಿಸಿಕೊಳ್ಳಬಹುದಿತ್ತು. 2025ರ ಕಾನೂನು ಇದನ್ನು ನಿಲ್ಲಿಸಿತು. ಈಗ ಸಣ್ಣ ಹಳ್ಳಿಯಲ್ಲೂ ಒಬ್ಬ ಗಂಡಸು ಒಬ್ಬ ಹೆಂಗಸು ಅಂತ ಸಾಲಾಗಿ ಇರುವ ಪಟ್ಟಿಗೇ ಓಟು. ಹೆಂಗಸರಿಗೆ ಇದು ಒಳ್ಳೆಯದೇ. ಆದರೆ ಗೀಟು ಹಾಕುವ ಸುಖ ಹೋಯಿತು ಅಂತ ಬೇಜಾರು ಮಾಡಿಕೊಂಡವರೂ ಇದ್ದಾರು.

ಇಷ್ಟು ಸಣ್ಣ ಕಮ್ಯೂನ್ ಯಾಕೆ, ಸೇರಿಸಿಬಿಡಿ ಅಂತ ಸರ್ಕಾರ ಹೇಳುತ್ತಲೇ ಬಂದಿದೆ. 1971ರಲ್ಲಿ ಅದಕ್ಕೇ ಅಂತ ಕಾನೂನು ತಂದರು. ದೇಶದಲ್ಲಿ ಬಹುಪಾಲು ಊರುಗಳು ಜಪ್ಪಯ್ಯ ಅನ್ನಲಿಲ್ಲ. ಸೆರ್ದಾನ್ಯದಲ್ಲಿ ಆ ದಶಕದಲ್ಲಿ ಸೇರಿದ ಒಂದು ಜೋಡಿ ಇದೆ. ಸೇರಿದ ಮೇಲೂ ಯಾರೂ ಹೆಸರು ಬಿಡಲಿಲ್ಲ. ಆಂಗುಸ್ತ್ರೀನ್-ವಿಲ್‌ನವ್-ದೇಜೆಸ್ಕಾಲ್ದ್ ಅಂತ ಒಂದು ಮೈಲಿ ಉದ್ದದ ಹೆಸರು. ಬೋರ್ಡ್ ಬರೆಯುವವನಿಗೆ ಲಾಭ.

ಹೆಸರುಗಳ ವಿಷಯ ಬಂತು, ಎರಡು ಊರಿನ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ.

ಹಿಕ್ಸ್ ಅಂತ ಒಂದು ಹಳ್ಳಿ. 12ನೇ ಶತಮಾನದಲ್ಲಿ ಪುಚ್‌ಸರ್ದಾ ಕಟ್ಟುವವರೆಗೂ ಸೆರ್ದಾನ್ಯದ ಕೌಂಟ್‌ಗಳ ಮನೆ ಅಲ್ಲಿತ್ತು. ಪುಚ್‌ಸರ್ದಾ ಬಂದು ಅದರ ಸಿರಿ ಹೋಯಿತು. 1660ರ ನಂತರ ಗೆರೆಯ ಪಕ್ಕದಲ್ಲೇ, ಹಿಕ್ಸ್‌ಗೆ ಸೇರಿದ ಜಾಗದಲ್ಲಿ, ಒಂದಷ್ಟು ಹೆಂಡದಂಗಡಿಗಳು ಎದ್ದವು. ಹೆಸರೂ ಅದೇ, 'ಗಿಂಗೆತಾ', ರಸ್ತೆ ಬದಿಯ ಕುಡಿಯುವ ಅಂಗಡಿ. ಗಡಿ ಇದ್ದ ಕಡೆ ಕಳ್ಳಸಾಗಣೆ, ಕಳ್ಳಸಾಗಣೆ ಇದ್ದ ಕಡೆ ವ್ಯಾಪಾರ. ಅಂಗಡಿ ಸಾಲು ಬೆಳೆದು ಊರಾಯಿತು. 1815ರಲ್ಲಿ ಆಂಗುಲೇಮ್‌ನ ಡ್ಯೂಕ್ ಸ್ಪೇನ್‌ನಿಂದ ವಾಪಸ್ ಬರುತ್ತಾ ಈ ಊರಿಗೆ ಬಂದರು. ಅವರ ಹೆಂಡತಿ, ಕ್ರಾಂತಿಯಲ್ಲಿ ತಲೆ ಕಳೆದುಕೊಂಡ 16ನೇ ಲೂಯಿಯ ಮಗಳು. ಅವರನ್ನು 'ಮದಾಮ್' ಅನ್ನುತ್ತಿದ್ದರು. ಅವರ ಗೌರವಕ್ಕೆ ಹೆಂಡದಂಗಡಿ ಊರು ಬೂರ್-ಮದಾಮ್ ಆಯಿತು. ಈಗ ಕಮ್ಯೂನ್ ಅದೇ. ಹಿಕ್ಸ್ ಅದರೊಳಗಿನ ಒಂದು ಕೇರಿ. ಹಳೆಯ ಚರ್ಚ್ ಒಂದು ಉಳಿದಿದೆ.

ಇನ್ನೊಂದು ಊರು ಫೋಂ-ರೋಮೇ-ಓದೇಯೋ-ವಿಯಾ. ಓದೇಯೋ ಮತ್ತು ವಿಯಾ 33ರ ಪಟ್ಟಿಯ ಹಳ್ಳಿಗಳು. ಫೋಂ-ರೋಮೇ ಹಳ್ಳಿಯೇ ಅಲ್ಲ. 'ಯಾತ್ರಿಕರ ಚಿಲುಮೆ' ಅಂತ ಅರ್ಥ, ಬೆಟ್ಟದ ಮೇಲಿನ ಒಂದು ಮಠ. 20ನೇ ಶತಮಾನದಲ್ಲಿ ಅಲ್ಲಿ ದೊಡ್ಡ ಹೋಟೆಲ್ ಬಂತು, ಹಿಮದ ಆಟ ಬಂತು. 1968ರ ಮೆಕ್ಸಿಕೋ ಒಲಿಂಪಿಕ್ಸ್ ಎತ್ತರದ ಜಾಗದಲ್ಲಿ ನಡೆಯುತ್ತದೆ ಅಂತ ಕ್ರೀಡಾ ತರಬೇತಿ ಕೇಂದ್ರವನ್ನೂ ಕಟ್ಟಿದರು. ದುಡ್ಡು ಬಂದಮೇಲೆ ಹೆಸರಿನಲ್ಲೂ ಮುಂದಿನ ಸೀಟು ಸಿಕ್ಕಿತು. ಓದೇಯೋ ಹಳ್ಳಿಯಲ್ಲೇ ಜಗತ್ತಿನ ಅತಿ ದೊಡ್ಡ ಸೌರ ಕುಲುಮೆಗಳಲ್ಲಿ ಒಂದಿದೆ. 63 ದೊಡ್ಡ ಕನ್ನಡಿ ಚೌಕಟ್ಟುಗಳು ಬಿಸಿಲನ್ನು ಒಂದು ಬಾಗಿದ ಕನ್ನಡಿಯ ಗೋಡೆಗೆ ಎಸೆಯುತ್ತವೆ. ಅಲ್ಲಿಂದ ಒಂದು ಕಡೆ ಬೀಳುವ ಬಿಸಿಲಿಗೆ 3,000 ಡಿಗ್ರಿ ಮೀರಿದ ಕಾವು. ಹಳದಿ ರೈಲಿನ ಹಳಿಯ ಉದ್ದವೂ ಸುಮಾರು 63 ಕಿಲೋಮೀಟರ್. ಇದಕ್ಕೆ ಏನೂ ಅರ್ಥವಿಲ್ಲ, ನೆನಪಿಡಲು ಅನುಕೂಲ.

ಕಮ್ಯೂನ್ ಅಲುಗಾಡಲಿಲ್ಲ. ಮೇಲಿನದೆಲ್ಲ ಅಲುಗಾಡಿತು. 2015ರಲ್ಲಿ ದೇಶದ ಕಾಂತೋಂಗಳನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿದರು. ಈ ಜಿಲ್ಲೆಯಲ್ಲಿ 31 ಇದ್ದದ್ದು 17 ಆದವು. ಸಾಯಗೂಸ್, ಮೋಂ-ಲೂಯಿ, ಓಲೆತ್ ಕಾಂತೋಂಗಳು ಹೋಗಿ 'ಕತಲಾನ್ ಪಿರೆನೀಸ್' ಅನ್ನುವ ಒಂದೇ ದೊಡ್ಡ ಕಾಂತೋಂ ಬಂತು. ಮರುವರ್ಷ ಎರಡು ಪ್ರಾಂತ್ಯಗಳನ್ನು ಸೇರಿಸಿ 'ಒಕ್ಸಿತಾನಿ' ಅಂತ ಹೆಸರಿಟ್ಟರು. ಕತಲಾನ್ ಜನಕ್ಕೆ ಇದು ನುಂಗಲಾರದ ತುತ್ತಾಯಿತು. ಒಕ್ಸಿತಾನ್ ಅವರ ಪಕ್ಕದ ಭಾಷೆ, ಅವರದ್ದಲ್ಲ. ಪರ್ಪಿನ್ಯಾಂನಲ್ಲಿ ಬೀದಿಗಿಳಿದರು. ಹೆಸರೇನೂ ಬದಲಾಗಲಿಲ್ಲ. 1700ರಲ್ಲೇ 14ನೇ ಲೂಯಿ, ಕಾಗದಪತ್ರ ಎಲ್ಲಾ ಫ್ರೆಂಚ್‌ನಲ್ಲೇ ಇರಬೇಕು, ಕತಲಾನ್ ಬೇಡ ಅಂತ ಆಜ್ಞೆ ಹೊರಡಿಸಿದ್ದ. ಅಂಥ ನೆನಪಿರುವವರಿಗೆ ಒಂದು ಹೆಸರು ಬರೀ ಹೆಸರಾಗಿರುವುದಿಲ್ಲ.

ಗಡಿಯ ಇನ್ನೊಂದು ಮುಖವನ್ನೂ ಹೇಳಬೇಕು. 1939ರ ಚಳಿಗಾಲದಲ್ಲಿ ಸ್ಪೇನ್‌ನ ಅಂತರ್ಯುದ್ಧ ಮುಗಿಯುತ್ತಾ ಬಂದಾಗ ನಾಲ್ಕೂವರೆ ಲಕ್ಷಕ್ಕೂ ಜಾಸ್ತಿ ಜನ ಕೆಲವೇ ವಾರಗಳಲ್ಲಿ ಬೆಟ್ಟ ದಾಟಿ ಫ್ರಾನ್ಸ್‌ಗೆ ಬಂದರು. ಬೂರ್-ಮದಾಮ್ ಆ ದಾರಿಗಳಲ್ಲಿ ಒಂದು. ಹಿಮದಲ್ಲಿ, ಮಕ್ಕಳನ್ನು ಎತ್ತಿಕೊಂಡು. ಈಗ ಅಲ್ಲಿನ ಗಡಿಯ ಸೇತುವೆಯ ಮೇಲೆ ಜನ ಚೀಲ ಹಿಡಿದು ಅಗ್ಗದ ಸಾಮಾನು ತರಲು ಹೋಗುತ್ತಾರೆ. ನಾನೂ ಆಲಿವ್ ಎಣ್ಣೆ ತಂದಿದ್ದೇನೆ.

ಈಚಿನ ವಿಷಯ ಒಂದೇ ಹೇಳುತ್ತೇನೆ. ಸೆರ್ದಾನ್ಯದ ಫ್ರಾನ್ಸ್ ಕಡೆಯವರಿಗೆ ಪರ್ಪಿನ್ಯಾಂ ಸುಮಾರು 100 ಕಿಲೋಮೀಟರ್, ಎಲ್ಲಾ ಘಾಟಿ ರಸ್ತೆ. ಹಿಮ ಬಿದ್ದರೆ ದೇವರೇ ಗತಿ. ಪುಚ್‌ಸರ್ದಾ ಹತ್ತು ನಿಮಿಷ. ಹೆರಿಗೆ ನೋವು ಬಂದರೆ ಎಲ್ಲಿಗೆ ಹೋಗುತ್ತೀರಿ? 2014ರಲ್ಲಿ ಪುಚ್‌ಸರ್ದಾದಲ್ಲಿ ಎರಡೂ ಕಡೆಯವರು ಸೇರಿ ನಡೆಸುವ ಆಸ್ಪತ್ರೆ ಶುರುವಾಯಿತು. ಖರ್ಚು ಸ್ಪೇನ್‌ನ ಕತಲೋನಿಯಾ ಪ್ರಾಂತ್ಯ 60, ಫ್ರಾನ್ಸ್ 40ರ ಲೆಕ್ಕದಲ್ಲಿ. ಡಾಕ್ಟರು, ನರ್ಸ್‌ಗಳಿಗೆ ಮೂರು ಭಾಷೆ. ಯುರೋಪಿನಲ್ಲಿ ಇಂಥದ್ದು ಇದೇ ಮೊದಲು.

ಕಾಯಿಲೆ ವಾಸಿ ಮಾಡುವುದು ಸುಲಭ ಇತ್ತು. ಕಾಗದ ಕಷ್ಟ ಆಯಿತು. ಊರ್‌ನ ಒಬ್ಬ ಹೆಂಗಸಿಗೆ ಅಲ್ಲಿ ಮಗು ಹುಟ್ಟಿದರೆ, ಆ ಮಗು ಹುಟ್ಟಿದ್ದು ವಿದೇಶದಲ್ಲಿ! ಊರ್‌ನ ಒಬ್ಬ ಅಜ್ಜ ಅಲ್ಲಿ ತೀರಿಕೊಂಡರೆ ಹೆಣವನ್ನು ನಾಲ್ಕಾರು ಕಿಲೋಮೀಟರ್ ತರುವುದು ಅಂತರರಾಷ್ಟ್ರೀಯ ಸಾಗಣೆ. ಹೆಣ ತರುವುದನ್ನು ಸರಳ ಮಾಡಲು ಎರಡು ದೇಶಗಳು 2017ರಲ್ಲಿ ಬೇರೆಯೇ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. 33 ಹಳ್ಳಿಗಳ ಪಟ್ಟಿ ಬರೆದವರು ದಂಡು ಹೋಗುವ ದಾರಿಯನ್ನು ಯೋಚಿಸಿದ್ದರು. ಹೆಣ ಬರುವ ದಾರಿಯನ್ನು ಯೋಚಿಸಿರಲಿಲ್ಲ.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆ ಬಂದವು. ಎರಡು ಇಲ್ಲಿ ಬರೆಯುತ್ತೇನೆ.

ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗ, "ಸರ್, ಅಲ್ಲಿ ಹಳಿಗಳೂ ಬೇರೆ ಬೇರೆ ಅಂತೆ, ಹೌದಾ?" ಅಂತ ಕೇಳಿದ. ಹೌದಪ್ಪ. ಲಾತೂರ್-ದ-ಕರೋಲ್ ನಿಲ್ದಾಣದಲ್ಲಿ ಮೂರು ಅಳತೆಯ ಹಳಿಗಳಿವೆ. ತುಲೂಸ್ ರೈಲಿಗೆ 1,435 ಮಿಲಿಮೀಟರ್. ಬಾರ್ಸೆಲೋನಾ ರೈಲಿಗೆ 1,668. ಹಳದಿ ರೈಲಿಗೆ ಒಂದು ಮೀಟರ್. ಯಾವ ರೈಲೂ ಇನ್ನೊಂದರ ಹಳಿಯ ಮೇಲೆ ಹೋಗಲಾರದು. ಜನ ಮಾತ್ರ ಇಳಿದು ಹತ್ತುತ್ತಾರೆ. ಮೂರು ದಾರಿ ಕೂಡುವ ಜಾಗ ಅಂತ ದೊಡ್ಡ ಜಂಕ್ಷನ್ ಅಂದುಕೊಂಡು ಹೋಗಬೇಡಿ. ಕಾಫಿ ಸಿಗುತ್ತೋ ಇಲ್ವೋ ಅನ್ನೋದೇ ಅನುಮಾನ.

ಆಮೇಲೆ ಮುಂದಿನ ಸಾಲಿನ ಒಬ್ಬ ಹಿರಿಯರು, ಶುರುವಿನಿಂದ ನಗುತ್ತಲೇ ಇದ್ದವರು, "ಎಲ್ಲಾ ಹೇಳಿದಿರಿ. ಆ ಊರ್‌ನಲ್ಲಿ ಇಳಿದಿರೋ ಇಲ್ವೋ?" ಅಂದರು.

ಮೊದಲ ಸಲ ಇಳಿಯಲಿಲ್ಲ, ಸರ್. ಹಳದಿ ರೈಲಿನ ಎಷ್ಟೋ ನಿಲ್ದಾಣಗಳಲ್ಲಿ ಕೇಳಿದರೆ ಮಾತ್ರ ನಿಲ್ಲಿಸುತ್ತಾರೆ. ಇಳಿಯಬೇಕಾದವರು ಮೊದಲೇ ಗಾರ್ಡ್‌ಗೆ ಹೇಳಬೇಕು, ಹತ್ತಬೇಕಾದವರು ಕೈ ತೋರಿಸಬೇಕು. ನನಗೆ ಗೊತ್ತಿರಲಿಲ್ಲ. ಊರ್ ಅಂತ ಓದಿ ನಗುವಷ್ಟರಲ್ಲಿ ಊರ್ ಹಿಂದೆ ಹೋಗಿತ್ತು. ಎರಡನೇ ಸಲ ಹತ್ತುವಾಗಲೇ ಹೇಳಿದೆ. ತುಟಿ ಮುಂದೆ ಮಾಡಿ 'ಯೂರ್' ಅಂತ ಫ್ರೆಂಚರ ಥರ ಅನ್ನಲು ನೋಡಿದೆ. ಗಾರ್ಡ್‌ಗೆ ಅರ್ಥ ಆಗಲಿಲ್ಲ. ಕೊನೆಗೆ ನಮ್ಮ ಹಾಗೇ 'ಊರ್' ಅಂದೆ. "ಆಹ್, ಊರ್!" ಅಂದರು. ಅವರು ಕತಲಾನ್ ಇರಬೇಕು, ಅವರಲ್ಲೂ ಹಾಗೇ ಅನ್ನುತ್ತಾರೆ. ನಿಲ್ಲಿಸಿದರು. ಇಳಿದವನು ನಾನೊಬ್ಬನೇ.